ಬೇರು ಕೊಚ್ಚದ ದಂಟು

ಹೋದ ಭಾನುವಾರ ಗುಂಡ್ಲುಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಯಾರೋ ಹೊಲದಲ್ಲಿ ಒಣಗಿದ ಸೂರ್ಯಕಾಂತಿ ದಂಟು ಕಿತ್ತು ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಹೊಗೆ ಸೀದಾ ಬಸ್ಸಿನೊಳಕ್ಕೇ ನುಗ್ಗಿತು. ನಮ್ಮ ಕಡೆಯವರಿಗೆ ಆ ವಾಸನೆ ಹೊಸದೇನಲ್ಲ. ಹಳೇ ಪುಸ್ತಕ ಸುಟ್ಟ ಹಾಗಿರುತ್ತದೆ, ಹಿಂದೆಯೇ ಒಂದಿಷ್ಟು ಎಣ್ಣೆ ಕಮಟು. ನಾನು ಮಾತ್ರ ಮೂಗಿಗೆ ಕರ್ಚೀಫು ಒತ್ತಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಒಗೆ ಆಗಕಿಲ್ವಾ ಸಾಮಿ? ಗಾಜ್ ಎಳ್ಕಳಿ" ಎಂದರು. ಎಳೆದುಕೊಂಡೆ. ವಾಸನೆ ಒಳಗೇ ಉಳಿಯಿತು…

ನಾನು ಹೊರಟಿದ್ದು ತಮ್ಮನ ಅಂಗಡಿಗೆ. ಊಟಿ ರಸ್ತೆಯಲ್ಲಿ ಅವನದೊಂದು ಪಂಚರ್ ಅಂಗಡಿ ಇದೆ. ಅವನಿಗೆ ಒಂದೇ ಒಂದು ಮಾತು ಹೇಳಬೇಕಿತ್ತು. ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಸಿಕೊಂಡಿರುವ ಮಾತು. ರಸ್ತೆಯ ಈ ಬದಿ ನಿಂತೆ. ಆ ಬದಿಯಲ್ಲಿ ಅವನು ಕೇರಳದ ಲಾರಿಯೊಂದರ ಟೈರು ಬಿಚ್ಚುತ್ತಿದ್ದ. ನನ್ನನ್ನು ನೋಡಿದ. ನೋಡಿ, ತಲೆ ಬಗ್ಗಿಸಿ ಮತ್ತೆ ಟೈರಿಗೆ ಕೈ ಹಾಕಿದ. ನಾನು ಒಂದು ಟೀ ಕುಡಿದು ಮುಂದಿನ ಬಸ್ಸಿಗೆ ಚಾಮರಾಜನಗರಕ್ಕೆ ವಾಪಸು ಬಂದೆ. ಐವತ್ತು ದಾಟಿದ ಗಂಡಸು, ಕಚೇರಿಯಲ್ಲಿ ಎಲ್ಲರ ಮೇಲೆ ಕೂಗಾಡುವವನು, ಸ್ವಂತ ತಮ್ಮನ ಎದುರು ರಸ್ತೆ ದಾಟಲಿಕ್ಕಾಗಲಿಲ್ಲ. ಥೂ ನನ್ನ ಜನ್ಮಕ್ಕೆ!

ಆ ಮಾತು ನಮ್ಮ ಮೇಷ್ಟ್ರಿಗೆ ಸಂಬಂಧಿಸಿದ್ದು. ಅವರ ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರ ಹೆಸರು ಹಿಡಿದು ಮಾತಾಡಿದ್ದೇ ಇಲ್ಲ.

ನಮ್ಮೂರು ಚಾಮರಾಜನಗರ, ಗುಂಡ್ಲುಪೇಟೆ ನಡುವಿನ ಒಂದು ಸಣ್ಣ ಊರು. ಏಳನೇ ತರಗತಿವರೆಗೆ ಹೆಂಚಿನ ಶಾಲೆ, ಅದಕ್ಕೆ ಇವರೇ ದೊಡ್ಡ ಮೇಷ್ಟ್ರು. ತೆಳ್ಳಗೆ, ಉದ್ದಕ್ಕೆ ಇದ್ದರು. ಅಂಗಿ ಯಾವತ್ತೂ ಬಿಳಿ. ಹೊಡೆತ ಅಂದರೆ ಅವರದೇ ಹೊಡೆತ. ಕಿವಿ ಹಿಡಿದು ನೆಲದಿಂದ ಮೇಲಕ್ಕೆ ಎತ್ತುತ್ತಿದ್ದರು. ಬೆರಳ ಸಂದಿಗೆ ಬಳಪ ಇಟ್ಟು ಅಮುಕುತ್ತಿದ್ದರು. ಉರಿಬಿಸಿಲಲ್ಲಿ ಜಲ್ಲಿಕಲ್ಲಿನ ಮೇಲೆ ಮಂಡಿ ಊರಿಸಿ, ಮರೆತು ಊಟಕ್ಕೆ ಹೋಗಿಬಿಡುತ್ತಿದ್ದರು. ಇದನ್ನೆಲ್ಲ ಕೇಳುವವರು ಯಾರು? ಅಪ್ಪಂದಿರೇ ಶಾಲೆಗೆ ಬಂದು, "ಕಣ್ಣೊಂದ್ ಬುಟ್ಟು ಎಲ್ಲಿಗ್ ಬೇಕಾರೂ ಬಾರ್ಸಿ ಸಾಮಿ, ನಾವ್ ಕೇಳಕಿಲ್ಲ" ಎಂದು ಕೈಮುಗಿದು ಹೋಗುತ್ತಿದ್ದ ಕಾಲ ಅದು.

ಆದರೆ ಅವರ ಖಾಸಾ ಆಯುಧ ಹುಣಸೆ ಬರಲು, ಅಂದರೆ ಎಳೆ ಕೊಂಬೆಯ ಕೋಲು. ಅದನ್ನು ಮುರಿದು ತರುವ ಕೆಲಸ ನನ್ನದು. ಶಾಲೆಯ ಹಿಂದೆ ಮರವಿತ್ತು, ನಾನು ಕೋತಿಯ ಹಾಗೆ ಹತ್ತುತ್ತಿದ್ದೆ, ಅದಕ್ಕೇ ನನಗೆ ಕಟ್ಟಿದರು. ಬರಲು ಹಸಿಯದಾಗಿರಬೇಕು, ಒಣಗಿದ್ದು ಎರಡೇಟಿಗೆ ಮುರಿಯುತ್ತದೆ. ಹೆಬ್ಬೆಟ್ಟಿಗಿಂತ ತೆಳ್ಳಗಿರಬಾರದು. ಗೆಳೆಯರ ಮೇಲೆ ಕನಿಕರ ತೋರಿಸಿ ತೆಳ್ಳಗಿನದು ತಂದರೆ ಅದರ ರುಚಿ ಮೊದಲು ತಂದವನ ಅಂಗೈಗೆ. ಒಂದು ಸಲ ರುಚಿ ನೋಡಿದ ಮೇಲೆ ನಾನು ತೆಳ್ಳಗಿನದು ತಂದವನಲ್ಲ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೂ ಕಡಿಮೆ. "ಏ ಕಡ್ಡಿ, ಓಗ್ಲಾ" ಎನ್ನುತ್ತಿದ್ದರು. ಓಡುತ್ತಿದ್ದೆ. ಹೊಡೆಸಿಕೊಳ್ಳುವವರಿಗೆ ಅವರ ಮೇಲಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟಿತ್ತು.

ಇಂಥ ಮನುಷ್ಯ ಶನಿವಾರ ಬೆಳಿಗ್ಗೆ ಬೇರೆಯೇ ಆಗಿಬಿಡುತ್ತಿದ್ದರು. ಅವತ್ತು ಎಲ್ಲ ತರಗತಿಯವರನ್ನೂ ಒಂದೇ ಹಜಾರದಲ್ಲಿ ಕೂಡಿಸಿ ಒಂದು ಹಳೆಯ ಕಾದಂಬರಿ ಓದುತ್ತಿದ್ದರು. ವಾರಕ್ಕೆ ಒಂದು ಅಧ್ಯಾಯ. ಒಬ್ಬ ಬಡ ಮೇಷ್ಟರು ನಡೆದುಕೊಂಡು ಒಂದು ಊರಿಗೆ ಬಂದು ಎಲ್ಲರ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಅಕ್ಷರ ಕಲಿಸುವ ಕತೆ. ಆ ಮೇಷ್ಟರು ಯಾರಿಗೂ ಒಂದು ಏಟು ಹಾಕಿದವರಲ್ಲ. ಊರಿನ ದೊಡ್ಡವರಿಗೆ ಅದು ಸರಿಬರದೆ, ಜನ ಕಳಿಸಿ ಅವರನ್ನು ಶಾಲೆಯ ಅಂಗಳದಲ್ಲೇ ಹಾಕಿ ಬಡಿಸುತ್ತಾರೆ. ಆ ಅಧ್ಯಾಯ ಓದುವಾಗ ನಮ್ಮ ಮೇಷ್ಟ್ರ ಓದು ನಡುವೆಯೇ ನಿಂತುಹೋಯಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಹಿಂದಿನ ದಿನ ಅವರ ಕೈಯಲ್ಲೇ ಬೆನ್ನು ಸುಲಿಸಿಕೊಂಡಿದ್ದ ನಾವೆಲ್ಲ, ಆ ಪುಸ್ತಕದ ಮೇಷ್ಟರು ಬದುಕುತ್ತಾರೋ ಇಲ್ಲವೋ ಎಂದು ಗೊಳೋ ಅಂತ ಅತ್ತೆವು. ಈಗ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಅದನ್ನು ಮುಂದಿನ ಶನಿವಾರ ಓದುತ್ತೇನೆಂದರು.

ನನ್ನ ತಮ್ಮ ಆಗ ನಾಲ್ಕನೇ ತರಗತಿ. ಅಕ್ಷರ ಕೂಡಿಸಿ ಓದಲಿಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಕತೆಯೆಂದರೆ ಪ್ರಾಣ. ಒಂದು ವಾರ ಕಾಯುವುದು ಅವನ ಕೈಲಾಗಲಿಲ್ಲ. ಬುಧವಾರ ಮೇಷ್ಟ್ರು ಮೇಜಿನ ಬಳಿ ಇಲ್ಲದ ಹೊತ್ತು ನೋಡಿ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ. "ಮೇಷ್ಟ್ರು ಸಾಯ್ತಾರಾ ಅಂತ ಓದಿ ಯೋಳಣ್ಣ" ಎಂದು ಗೋಗರೆದ. ನಾನು ಗದರಿದೆ, ನಾಳೆ ಬೆಳಿಗ್ಗೆ ಸದ್ದಿಲ್ಲದೆ ಇಟ್ಟುಬಿಡು ಎಂದೆ. ಅವನು ಅದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬಚ್ಚಿಟ್ಟ. ಬೆಳಿಗ್ಗೆ ಹೋಗಿ ನೋಡಿದರೆ ಮೇಕೆ ಅದನ್ನು ಎಳೆದು ಕೊನೆಯ ಹಾಳೆಗಳನ್ನೆಲ್ಲ ಮೇಯ್ದುಬಿಟ್ಟಿತ್ತು.

ಅವನೇ ಹೋಗಿ ಒಪ್ಪಿಸಿದ. ಅಳುತ್ತ, ಮೇಕೆ ತಿಂದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಮೇಷ್ಟ್ರು ಪುಸ್ತಕ ತೆಗೆದುಕೊಂಡು ಹಿಂದಿನಿಂದ ಮುಂದಕ್ಕೆ ಒಂದು ಸಲ ಮಗುಚಿದರು. ಮುಖ ಬಿಳಿಚಿಹೋಯಿತು. "ಏ ಕಡ್ಡಿ" ಎಂದರು.

ನಾನು ಮರ ಹತ್ತಿದೆ. ಕೈಗೆ ಒಂದು ತೆಳ್ಳನೆಯ ಬರಲು ಸಿಕ್ಕಿತ್ತು. ಮುರಿಯಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಅಂಗೈ ಉಳಿಸಿಕೊಳ್ಳಲಿಕ್ಕೆ, ಸ್ವಂತ ತಮ್ಮನಿಗೆ ಹೆಬ್ಬೆಟ್ಟಿನ ದಪ್ಪದ ಹಸಿ ಬರಲನ್ನೇ ಮುರಿದು ತಂದುಕೊಟ್ಟೆ.

ಎಷ್ಟು ಏಟು ಎಂದು ಲೆಕ್ಕ ಯಾರಿಗೆ ಗೊತ್ತು. ಮೊದಲು ಕಾಲಿಗೆ, ಆಮೇಲೆ ಬೆನ್ನಿಗೆ. ಚಡ್ಡಿ ಒದ್ದೆಯಾಯಿತು, ಆದರೂ ನಿಲ್ಲಲಿಲ್ಲ. ಬರಲು ಬೀಸುವ ಸದ್ದು, ಅದರ ಹಿಂದೆ ಅವನ ಅರಚು. ಅವನು ತಪ್ಪಿಸಿಕೊಳ್ಳಲು ತಿರುಗಿದಾಗ ಒಂದು ಏಟು ಎಡಗಿವಿಯ ಮೇಲೆ ಬಿತ್ತು. ಆಗ ಅವನು ಅರಚಲಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಕೂತುಬಿಟ್ಟ. ಕಿವಿಯೊಳಗಿಂದ ರಕ್ತ ಸಣ್ಣಗೆ ಇಳಿದು ಕಾಲರಿಗೆ ಹತ್ತಿತು. ಮೇಷ್ಟ್ರು ಕೈಯಲ್ಲಿದ್ದ ಬರಲನ್ನೊಮ್ಮೆ ನೋಡಿದರು, ಮೂಲೆಗೆ ಎಸೆದರು, ಹೊರಗೆ ಹೋದರು.

ಆ ಕಿವಿ ಮತ್ತೆ ಕೇಳಿಸಲಿಲ್ಲ. ತಮ್ಮ ಶಾಲೆ ಬಿಟ್ಟ. ಅಪ್ಪ ಮೇಷ್ಟ್ರನ್ನು ಕೇಳಲಿಲ್ಲ, ಮೇಕೆಯನ್ನು ಮಾರಿದ. ನಾನು ಓದಿದೆ, ಚಾಮರಾಜನಗರದಲ್ಲಿ ಕಚೇರಿ ಕೆಲಸ ಸಿಕ್ಕಿತು. ತಮ್ಮ ಅಲ್ಲಿ ಇಲ್ಲಿ ಕೂಲಿ ಮಾಡಿ, ಗ್ಯಾರೇಜಿನಲ್ಲಿ ಬೈಸಿಕೊಂಡು, ಕೊನೆಗೆ ಪಂಚರ್ ಅಂಗಡಿ ಇಟ್ಟ. ಹಬ್ಬಕ್ಕೆ ಸೇರಿದಾಗಲೆಲ್ಲ ನಾನು ಆ ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನನ್ನ ತಪ್ಪನ್ನೂ ಸೇರಿಸಿ ಅವರನ್ನೇ ಬೈಯುತ್ತಿದ್ದೆ. ತಮ್ಮ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಅವನಿಗೂ ಒಳಗೆ ಕುದಿಯುತ್ತಿದೆ ಎಂದೇ ನಾನು ತಿಳಿದಿದ್ದೆ. ನಲವತ್ತು ವರ್ಷ ಹೀಗೇ ನಡೆಯಿತು.

ಮೂರು ವರ್ಷದ ಹಿಂದೆ, ಗೌರಿ ಹಬ್ಬ ಕಳೆದ ಮೇಲೆ, ಟೀವಿಯವರು ಬಂದರು. ಅದೇ ಕಾದಂಬರಿಯನ್ನು ಟೀವಿಗೆ ಸಿನಿಮಾ ಮಾಡುತ್ತಾರಂತೆ. ಹಳೇ ಹೆಂಚಿನ ಶಾಲೆ ಬೇಕು, ಹುಡುಕಿ ಹುಡುಕಿ ಪಾಳುಬಿದ್ದಿದ್ದ ನಮ್ಮೂರ ಶಾಲೆಯನ್ನೇ ಹಿಡಿದಿದ್ದರು. ಅನುಮತಿಯ ಕಾಗದ ಪತ್ರಕ್ಕೆಂದು ನನ್ನ ಕಚೇರಿಗೆ ಬಂದ ಅವರ ಮ್ಯಾನೇಜರು, ನಾನು ಅದೇ ಊರಿನವನೆಂದು ಗೊತ್ತಾದ ಮೇಲೆ ಬಿಡಲಿಲ್ಲ. ಜನ ಕೂಡಿಸಿಕೊಡಿ, ಬೇಕಾದ ಸಾಮಾನು ನೋಡಿಕೊಳ್ಳಿ ಎಂದರು. ರಜೆ ಹಾಕಿ ಊರಿಗೆ ಹೋದೆ.

ಹೋಗಿ ನೋಡಿದರೆ ನಿರ್ದೇಶಕಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಮ್ಮ ಮೇಷ್ಟ್ರು ಕೂತಿದ್ದಾರೆ! ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಹಾಗೇ ನೆಟ್ಟಗೆ. ಕಾದಂಬರಿ ಅವರಿಗೆ ಬಾಯಿಪಾಠ, ಬೋರ್ಡಿನ ಮೇಲೆ ಏನು ಬರೆಯಬೇಕು, ಗಂಟೆ ಹೇಗೆ ಬಾರಿಸಬೇಕು ಎಂದೆಲ್ಲ ಹೇಳಿಕೊಡುತ್ತಿದ್ದರು. ನಾನು ಎದುರು ಹೋಗಿ ನಿಂತೆ. ಕಣ್ಣು ಕಿರಿದು ಮಾಡಿ ನೋಡಿದರು.

"ಯಾರು… ಓ, ಕಡ್ಡಿ ಅಲ್ವೇನ್ಲಾ ನೀನು?"

ನಕ್ಕರು. ಕೆಲಸ ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು, ಮಳೆ ಬೆಳೆ ಕೇಳಿದರು. ತಮ್ಮನ ಬಗ್ಗೆ ಒಂದು ಮಾತು ಕೇಳಲಿಲ್ಲ. ನಾನು ಕಾದೆ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಕೇಳಲೇ ಇಲ್ಲ. ಒಬ್ಬ ಹುಡುಗನ ಕಿವಿ ಒಡೆದು ಅವನ ಬಾಳನ್ನೇ ತಿರುಗಿಸಿ ಹಾಕಿದ ಮನುಷ್ಯ, ಅವನನ್ನು ಮರೆತೇಬಿಟ್ಟಿದ್ದಾನೆ! ಮೈಯೆಲ್ಲ ಉರಿದುಹೋಯಿತು ನನಗೆ.

ಪುಸ್ತಕದ ಮೇಷ್ಟರನ್ನು ಬಡಿಯುವ ದೃಶ್ಯ ಮರುದಿನ ಮಧ್ಯಾಹ್ನಕ್ಕಿತ್ತು. ಹನ್ನೊಂದು ಜನ ಗಂಡಸರು ಬೇಕು, ಹನ್ನೊಂದು ದೊಣ್ಣೆ ಬೇಕು. ನೋಡಲಿಕ್ಕೆ ದಪ್ಪ ಇರಬೇಕು, ತಗುಲಿದರೆ ನೋವಾಗಬಾರದು. ನಾನು ಒಣಗಿದ ಸೂರ್ಯಕಾಂತಿ ದಂಟು ಸೂಚಿಸಿದೆ. ಆ ದಂಟು ನೋಡಲಿಕ್ಕೆ ಲಾಠಿಯಂತಿದ್ದರೂ ಒಳಗೆಲ್ಲ ಬೆಂಡು, ಹಿಡಿದರೆ ಹತ್ತಿಯಷ್ಟು ಹಗುರ. ಆದರೆ ಹೊಲದಿಂದ ಕಿತ್ತಾಗ ಬುಡದಲ್ಲಿ ಬೇರಿನ ಗಂಟು ಉಳಿದಿರುತ್ತದೆ. ಒಣಗಿದ ಮೇಲೆ ಅದು ಕಲ್ಲಿಗೆ ಸಮ. ಒಲೆಗೆ ಹಾಕುವಾಗ ಕೂಡ ನಮ್ಮ ಹೆಂಗಸರು ಆ ಬೇರನ್ನು ಮಚ್ಚಿನಿಂದ ಕೊಚ್ಚಿಯೇ ಹಾಕುವುದು.

ಬೆಳಿಗ್ಗೆ ನಮ್ಮದೇ ಹೊಲದಿಂದ ಹನ್ನೊಂದು ದಂಟು ಕಿತ್ತೆ. ಬದುವಿನ ಮೇಲೆ ಕೂತು ಮಚ್ಚಿನಿಂದ ಬೇರು ಕೊಚ್ಚಿದೆ. ಹತ್ತರದು ಕೊಚ್ಚಿದೆ. ಹನ್ನೊಂದನೆಯದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದೆ… ಮಚ್ಚನ್ನು ಪಕ್ಕಕ್ಕಿಟ್ಟೆ. ಗದ್ದಲದಲ್ಲಿ ಒಂದು ಏಟು ಕುರ್ಚಿಯಲ್ಲಿ ಕೂತವರ ಬೆನ್ನಿಗೆ ಜಾರಿದರೆ ಯಾರಿಗೆ ಗೊತ್ತಾದೀತು ಎಂದುಕೊಂಡು ಅದನ್ನು ನನಗೇ ಇಟ್ಟುಕೊಂಡೆ.

ನಾನೂ ಸೇರಿ ಹನ್ನೊಂದು ಜನವೂ ಒಟ್ಟಿಗೆ ಓದಿದವರೇ, ಮೇಷ್ಟ್ರ ಕೈಯಲ್ಲಿ ಏಟು ತಿಂದವರೇ. ಒಬ್ಬನ ಬೆರಳು ಈಗಲೂ ಸೊಟ್ಟ. ನಾಯಕನ ಪಾತ್ರದವನು ಬೆಂಗಳೂರಿನ ನಟ. ಸೊಂಟ ನೋವು, ನೆಲಕ್ಕೆ ಬೀಳುವ ಹಾಗಿಲ್ಲ ಎಂದು ಕೈ ಅಲ್ಲಾಡಿಸಿಬಿಟ್ಟ. ಅವನ ಬದಲಿಗೆ ಬೀಳಲು ಬರಬೇಕಿದ್ದವನು ಬಂದಿರಲಿಲ್ಲ. ಆಗ ನಮ್ಮ ಮೇಷ್ಟ್ರು ಕುರ್ಚಿಯಿಂದ ಎದ್ದರು. ಅವರದೂ ಅದೇ ಎತ್ತರ, ಅದೇ ಮೈಕಟ್ಟು.

"ಮೊಕ ಕಾಣಕಿಲ್ಲ ತಾನೆ? ನಾನು ಬೀಳ್ತೀನಿ ಕಣಮ್ಮ."

ನಿರ್ದೇಶಕಿ ಒಪ್ಪಲಿಲ್ಲ. ನಿಮಗೆ ವಯಸ್ಸಾಗಿದೆ ಸಾರ್, ನಾಳೆ ಮಾಡೋಣ ಎಂದಳು. ಇವರು ಕೇಳಬೇಕಲ್ಲ. ಜೀವಮಾನವಿಡೀ ಆ ಪುಸ್ತಕದ ಮೇಷ್ಟರಾಗಬೇಕೆಂದು ಆಸೆಪಟ್ಟು ಆಗದೇ ಹೋದವರು. ಬೆನ್ನಿನ ಕಡೆಯಿಂದಲಾದರೂ ಆಗುತ್ತೇನೆ ಎಂದು ಹಟ ಹಿಡಿದರು. ಇದು ನನಗೆ ಈಗ ಹೊಳೆಯುವುದು. ಆಗ ಏನೂ ಹೊಳೆಯಲಿಲ್ಲ. ದೇವರೇ ತಂದು ಎದುರಿಗೆ ನಿಲ್ಲಿಸಿದ ಅಂದುಕೊಂಡೆ.

ಮೊದಲ ಸಲ ಕ್ಯಾಮೆರಾ ಓಡಿದಾಗ ಏನಾಯಿತು ಗೊತ್ತೆ? ಮುಂದೆ ನುಗ್ಗಬೇಕಾದವನು ದಂಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ ಮೇಷ್ಟ್ರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಹಿಂದಿನವನೂ ಹಾಗೇ ಮಾಡಿದ. ಮೇಷ್ಟ್ರ ಮೇಲೆ ಕೈ ಎತ್ತುವ ಮುಂಚೆ ಅಪ್ಪಣೆ ಬೇಡವೇ? ನಿರ್ದೇಶಕಿ ತಲೆ ಚಚ್ಚಿಕೊಂಡಳು. ಎರಡನೇ ಸಲ ಕಾಲು ಮುಟ್ಟಲಿಲ್ಲ, ಆದರೆ ದೇವರಿಗೆ ಚಾಮರ ಬೀಸುವ ಹಾಗೆ ಬೀಸಿದರು. ಮೂರನೇ ಸಲ ಒಬ್ಬ ಅತ್ತೇಬಿಟ್ಟ. ಮೇಷ್ಟ್ರಿಗೆ ರೇಗಿತು. ನಲವತ್ತು ವರ್ಷದ ಹಿಂದಿನ ಅದೇ ದನಿ.

"ಏನ್ರಲಾ, ನಿಮ್ ಕೈಗೇನ್ ಲಕ್ವ ಒಡ್ದದಾ? ನಾ ಓದ್ದಾಗ ನೀವ್ ಕೇಳ್ಳಿಲ್ವಾ? ಆ ಜನ ಇಂಗಾ ಒಡ್ದಿದ್ದು? ಏ ಕಡ್ಡಿ! ಬಾ ಇಲ್ಲಿ. ನೀನ್ ಮೊದ್ಲು ಒಡಿ. ಇವ್ಕೆ ತೋರ್ಸ್ಲಾ."

ನಾನು ಮುಂದೆ ಬಂದೆ. ಅವರು ಬೆನ್ನು ತಿರುಗಿಸಿ ನಿಂತರು. ಬಿಳಿ ಅಂಗಿ. ಕ್ಯಾಮೆರಾ ಓಡಿತು. ನಾನು ದಂಟನ್ನು ತೆಳ್ಳಗಿನ ತುದಿಯಲ್ಲಿ ಹಿಡಿದುಕೊಂಡೆ, ಬೇರಿನ ಗಂಟು ಆ ಕಡೆ. ಬೆನ್ನಿಗೇ ಹೊಡೆಯಬೇಕೆಂದಿದ್ದೆ, ಇದು ಸತ್ಯ. ಆದರೆ ಬಲವಾಗಿ ಹೊಡೆಯಬೇಕೆಂದಿದ್ದೆ, ಇದೂ ಸತ್ಯವೇ. ಹಲ್ಲು ಕಚ್ಚಿ ಎರಡೂ ಕೈಯಿಂದ ಬೀಸಿದೆ. ಬಾಯಲ್ಲಿ ತಮ್ಮನ ಹೆಸರು ಬಂತು. ಆ ಹೆಸರು ಕಿವಿಗೆ ಬಿದ್ದು ಮೇಷ್ಟ್ರು ಥಟ್ಟನೆ ಮುಖ ತಿರುಗಿಸಿದರು.

ಗಂಟು ಹುಬ್ಬಿನ ಮೇಲೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು. ಅವರು ಮಂಡಿ ಊರಿ ಕುಸಿದರು. ರಕ್ತ ಕಣ್ಣಿಗೆ ಇಳಿದು, ಮೂಗಿನ ಪಕ್ಕದಿಂದ ಗದ್ದಕ್ಕೆ ಬಂತು.

ಅಲ್ಲಿಗೇ ಎಲ್ಲ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಈಗತಾನೆ ಕಾಲು ಮುಟ್ಟಿದ್ದ ಆ ಜನಕ್ಕೆ ಏನು ಹಿಡಿಯಿತೋ! ಒಬ್ಬ "ಒಡೀರ್ಲಾ" ಎಂದು ಕಿರುಚಿದ, ಎಲ್ಲರೂ ಮೇಲೆ ಬಿದ್ದರು. ದಂಟುಗಳು ಪಟಪಟ ಒಡೆದು ಬೆಂಡು ಹಾರಿತು. ದಂಟು ಮುರಿದವರು ಕೈಯಿಂದ ಗುದ್ದಿದರು. ಸೊಟ್ಟ ಬೆರಳಿನವನು ಕಾಲಿನಿಂದ ಒದ್ದ, ಮತ್ತೆ ಒದ್ದ, ಬಾಯಲ್ಲಿ ಮಗ್ಗಿ ಹೇಳುತ್ತಿದ್ದ. ನಾನು ನೋಡುತ್ತ ನಿಂತಿದ್ದೆ. ತಡೆಯಲಿಲ್ಲ. ಕ್ಯಾಮೆರಾದವನಿಗೆ ಅದು ನಟನೆಯೋ ನಿಜವೋ ಗೊತ್ತಾಗಲಿಲ್ಲ, ಅವನು ಓಡಿಸುತ್ತಲೇ ಇದ್ದ. ಕೊನೆಗೆ ನಿರ್ದೇಶಕಿ ಚೀರಿಕೊಂಡು ನಡುವೆ ನುಗ್ಗಿ ಅವರ ಮೇಲೆ ಅಡ್ಡ ಬಿದ್ದಳು. ಆಗ ನಿಂತಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಷ್ಟ್ರ ಬಿಳಿ ಕೂದಲಿನ ಮೇಲೆಲ್ಲ ಬಿಳಿ ಬೆಂಡಿನ ಚೂರು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಇನ್ನೊಂದನ್ನು ತೆರೆದು ನಿರ್ದೇಶಕಿಯನ್ನು ಕೇಳಿದರು.

"ಬಂತಾ ಕಣಮ್ಮ? ಸರ್ಯಾಗ್ ಬಂತಾ?"

ಚಾಮರಾಜನಗರಕ್ಕೆ ಟೀವಿಯವರ ವ್ಯಾನಿನಲ್ಲೇ ಕರೆದುಕೊಂಡು ಹೋದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರ ರಕ್ತ ನನ್ನ ಪ್ಯಾಂಟಿಗೆ ಬಿಸಿಯಾಗಿ ಹತ್ತುತ್ತಿತ್ತು. ಡಾಕ್ಟರು ಕೇಳಿದಾಗ, ಯಾರೂ ಬಾಯಿ ತೆರೆಯುವ ಮುಂಚೆ ಅವರೇ, "ಎಡವಿ ಕಲ್ಲಿನ ಮೇಲೆ ಬಿದ್ದೆ" ಎಂದರು. ಹುಬ್ಬಿಗೆ ಹೊಲಿಗೆ ಹಾಕಿದರು.

ಸಂಜೆ ಮಂಚದ ಪಕ್ಕ ನಾನೊಬ್ಬನೇ ಇದ್ದೆ. ಸಿಟ್ಟೆಲ್ಲ ಇಳಿದುಹೋಗಿತ್ತು. "ಮೇಷ್ಟ್ರೇ, ಬೇರು…" ಎಂದು ಶುರುಮಾಡಿದೆ. ಅವರು ಕೈ ಎತ್ತಿ ಸುಮ್ಮನಿರಿಸಿದರು.

"ಗೊತ್ತು ಬುಡು. ಒಂದ್ ಮಾತ್ ನಡ್ಸ್ಕೊಡಪ್ಪ. ನಿನ್ ತಮ್ಮಂಗೆ ಯೋಳ್ಬೇಡ. ನೀನ್ ಒಡ್ದೆ ಅಂತ ಗೊತ್ತಾದ್ರೆ ಅವ ಸಂಕ್ಟ ಪಟ್ಕತಾನೆ."

ನನಗೆ ಅರ್ಥವಾಗಲಿಲ್ಲ. ನನ್ನ ತಮ್ಮ ನಿಮಗೆ ನೆನಪಿದ್ದಾನಾ ಎಂದು ಕೇಳಿದೆ.

"ವಾರಕ್ಕೊಂದ್ ದಪ ನಾನ್ ಓಯ್ತಿವ್ನಲ್ಲ ಅವ್ನ್ ಅಂಗ್ಡಿಗೆ. ಅವ ಯೋಳಿಲ್ವಾ?"

ಆಮೇಲೆ ನಿಧಾನವಾಗಿ, ಮಧ್ಯೆ ಮಧ್ಯೆ ಕಣ್ಣು ಮುಚ್ಚಿಕೊಂಡು ಹೇಳಿದರು. ರಿಟೈರಾದ ವರ್ಷವೇ ಅವರು ತಮ್ಮನ ಅಂಗಡಿ ಹುಡುಕಿಕೊಂಡು ಹೋಗಿದ್ದರು. ತಪ್ಪಾಯಿತು ಎನ್ನಲಿಕ್ಕೆ ಹೋದವರಿಗೆ ಬಾಯೇ ಬರಲಿಲ್ಲ. ತಮ್ಮ ಸ್ಟೂಲು ಹಾಕಿ ಟೀ ತರಿಸಿದನಂತೆ. ಟೀ ಕುಡಿದು ಎದ್ದು ಬಂದರು. ಮುಂದಿನ ವಾರ ಮತ್ತೆ ಹೋದರು. ಹಾಗೇ ಹೋಗುತ್ತ, ಅವನಿಗೆ ಮರೆತೇಹೋಗಿದ್ದ ಅಕ್ಷರವನ್ನು ಕೈ ಹಿಡಿದು ಮೊದಲಿನಿಂದ ಕಲಿಸಿದರು. ಲಾರಿಗಳ ಹಿಂದೆ ಬರೆದದ್ದನ್ನು ಓದಿಸಿದರು, ಆಮೇಲೆ ಪೇಪರು, ಕೊನೆಗೆ ಆ ಕಾದಂಬರಿಯ ಹೊಸ ಪ್ರತಿ. ಅವನು ಟೈರು ಒತ್ತುತ್ತ ಒಂದು ಪುಟ, ಗಿರಾಕಿ ಹೋದ ಮೇಲೆ ಒಂದು ಪುಟ, ಹಾಗೆ ವರ್ಷಗಟ್ಟಲೆ.

"ಕೊನೇ ಅಧ್ಯಾಯ ಒಂದ್ ಉಳ್ದದೆ" ಎಂದರು. "ಬರೋ ವಾರ ಅವ್ನ್ ಕೈಲೇ ಓದ್ಸನ ಅಂತ."

ನಾನು ಆಚೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡೆ. ಅವರು ತಮ್ಮನ ಬಗ್ಗೆ ಕೇಳದೇ ಇದ್ದದ್ದು ಮರೆತು ಅಲ್ಲ. ನಾಲ್ಕು ದಿನದ ಹಿಂದೆ ಅವನ ಜೊತೆ ಕೂತು ಟೀ ಕುಡಿದು ಬಂದಿದ್ದರಿಂದ. ತಮ್ಮನಾದರೂ ನನಗೆ ಯಾಕೆ ಹೇಳಲಿಲ್ಲ? ಹೇಳುವುದಕ್ಕೆ ನಾನು ಬಿಟ್ಟರಲ್ಲವೇ. ಅವರ ಹೆಸರೆತ್ತಿದರೆ ಉರಿದುಬೀಳುತ್ತಿದ್ದವನು ನಾನು. ಅವರಿಬ್ಬರ ನಡುವೆ ಎಂದೋ ಬಗೆಹರಿದ ಜಗಳವನ್ನು ನಾನೊಬ್ಬ ಹೊಟ್ಟೆಯಲ್ಲಿಟ್ಟು ಸಾಕಿದ್ದೆ.

ಆ ಬರುವ ವಾರ ಬರಲೇ ಇಲ್ಲ. ಏಟು ಬಿದ್ದ ಕಣ್ಣು ಮಂಜಾಯಿತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬಸ್ಸು ಹತ್ತುವುದು ಅವರಿಂದಾಗಲಿಲ್ಲ. ತಮ್ಮನೇ ಅವರ ಮನೆಗೆ ಹೋಗಿ ಕೂರುತ್ತಿದ್ದ. ಕಲ್ಲಿನ ಮೇಲೆ ಬಿದ್ದೆ ಎಂದು ಅವನಿಗೂ ಅದೇ ಹೇಳಿದ್ದರು. ಪುಸ್ತಕ ತಗೊಂಡು ಹೋದರೆ, ತಲೆ ನೋವು ಕಡಿಮೆಯಾಗಲಿ ಎನ್ನುತ್ತಿದ್ದರಂತೆ. ಮುಂದಿನ ಬೇಸಿಗೆಗೆ ಮುಂಚೆಯೇ ಹೋಗಿಬಿಟ್ಟರು. ಸಕ್ಕರೆ ಕಾಯಿಲೆ ಇತ್ತು, ವಯಸ್ಸಾಗಿತ್ತು ಎಂದರು ಎಲ್ಲರೂ. ನಾನು ಹಾಗೆನ್ನಲಾರೆ. ಮಣ್ಣಿಗೆ ಹೋಗಿದ್ದೆ. ಅಪ್ಪ ಸತ್ತಾಗಲೂ ತಮ್ಮ ಹಾಗೆ ಅತ್ತಿರಲಿಲ್ಲ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಆ ಕೈ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಶಿಕ್ಷಕರ ದಿನಾಚರಣೆಗೆ ಸಿನಿಮಾ ಟೀವಿಯಲ್ಲಿ ಬಂತು. ಆ ದೃಶ್ಯವನ್ನು ಪೂರ್ತಿ ಇಟ್ಟಿದ್ದರು. ಬೀಳುವ ಬೆನ್ನು ನಮ್ಮ ಮೇಷ್ಟ್ರದು, ಎದ್ದ ಮುಖ ಆ ನಟನದು. ಹೊಡೆಯುವ ನಾನು ಮಾತ್ರ ಹಲ್ಲು ಕಚ್ಚಿಕೊಂಡು ನಿಚ್ಚಳವಾಗಿ ಕಾಣುತ್ತೇನೆ. ಕಚೇರಿಯಲ್ಲಿ ಎಲ್ಲರೂ ಕೈಕುಲುಕಿದರು. "ಸಾರ್, ಏನ್ ಆಕ್ಟಿಂಗ್ ಸಾರ್!" ನಾನು ಹಲ್ಲುಬಿಟ್ಟು ಥ್ಯಾಂಕ್ಸ್ ಎಂದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ.

ನಾಡೆಲ್ಲ ನೋಡಿದ್ದು ಒಂದು ದೊಣ್ಣೆಯನ್ನು. ದಂಟಿನ ಬೇರು ನೋಡಿದವನು ಒಬ್ಬನೇ. ಮರುದಿನ ಮೊದಲ ಬಸ್ಸಿಗೇ ತಮ್ಮ ಚಾಮರಾಜನಗರಕ್ಕೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ಕೈಯಲ್ಲಿನ್ನೂ ಗ್ರೀಸು ಇತ್ತು.

"ಆ ದಂಟಿಗೆ ಬೇರು ಯಾಕಣ್ಣ ಬುಟ್ಟಿದ್ದೆ?"

"ಮರ್ತೋಯ್ತು ಕಣೋ" ಎಂದೆ. "ಅವಸರದಲ್ಲಿ ಕ್ವಚ್ಚದು ಮರ್ತ್ಬುಟ್ಟೆ."

ನನ್ನ ಮುಖವನ್ನೇ ನೋಡಿದ. ಅವನು ನಂಬಲಿಲ್ಲ. ನಂಬಬೇಕೆಂದು ಅವನಿಗೆ ಆಸೆ ಇತ್ತು, ಅದು ನನಗೆ ಕಾಣುತ್ತಿತ್ತು.

"ಅವ್ರು ನನ್ ಕಿವಿ ಕಳುದ್ರು ಕಣಣ್ಣ, ದಿಟ. ಅದ್ಕೆ ಅಷ್ಟ್ ವರ್ಸ ಬಂದ್ ಕೂತ್ಕಂಡು ಓದ್ಸುದ್ರು. ನೀನ್ ಅವ್ರುನ್ನೇ ಕಳ್ದ್ಬುಟ್ಟೆ. ನೀನೇನ್ ಮಾಡೀಯೆ ಈಗ?"

ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಹೊರಟುಹೋಗಿದ್ದ. ಅವತ್ತಿನಿಂದ ಫೋನು ಎತ್ತುವುದಿಲ್ಲ, ಹಬ್ಬಕ್ಕೆ ಬರುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವನ ಹೆಂಡತಿ ಒಮ್ಮೆ ಸಿಕ್ಕಾಗ ಹೇಳಿದಳು, ಕೊನೆಯ ಅಧ್ಯಾಯ ಇನ್ನೂ ಓದಿಲ್ಲವಂತೆ. ಸಿನಿಮಾವನ್ನೂ ಆ ಹೊಡೆತದ ಜಾಗಕ್ಕೇ ನಿಲ್ಲಿಸಿ ಎದ್ದಿದ್ದನಂತೆ. ಪುಸ್ತಕದ ಮೇಷ್ಟರು ಬದುಕಿದರೋ ಸತ್ತರೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಓದಿಸಬೇಕಾದವರೇ ಇಲ್ಲವಲ್ಲ.

ಮೇಷ್ಟ್ರು ಹೇಳಬೇಡ ಎಂದಿದ್ದ ಮಾತನ್ನು ಈಗ ಮೀರುತ್ತಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಅದು ಹೋದ ಭಾನುವಾರ ಖಚಿತವಾಯಿತು. ಆದರೆ ತಮ್ಮ ಈಗ ಓದುತ್ತಾನೆ. ಕೈಗೆ ಸಿಕ್ಕ ಹಾಳೆಯನ್ನೆಲ್ಲ ಬೆರಳಿಟ್ಟುಕೊಂಡು, ಒಂದಕ್ಷರ ಬಿಡದೆ, ತುಟಿ ಅಲ್ಲಾಡಿಸುತ್ತ ಓದುತ್ತಾನೆ. ಅದಕ್ಕೇ ಆದಷ್ಟು ಸಣ್ಣ ಸಣ್ಣ ಮಾತಿನಲ್ಲಿ ಬರೆದಿದ್ದೇನೆ. ಇಲ್ಲಿಯವರೆಗೆ ಬಂದಿದ್ದರೆ ಇನ್ನೂ ಎರಡು ಸಾಲು ಓದು, ತಮ್ಮಾ.

ಬೇರು ಮರೆತು ಬಿಟ್ಟದ್ದಲ್ಲ. ಬೇಕು ಅಂತಲೇ ಬಿಟ್ಟೆ. ನಿನ್ನ ಹೆಸರು ಹೇಳಿಕೊಂಡು ಹೊಡೆದೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ.